ರಜೆ, ರಾಜೀನಾಮೆ ಮತ್ತು ಯುಗಾದಿ: ವಿಜಯಪುರ ಸೀಮೆಯ ನಾಲ್ಕು ತಾಲೂಕುಗಳಲ್ಲಿ ಕೆಲಸ ಬಿಡುವ ಹಕ್ಕಿನ ಚರಿತ್ರೆ

'ರಜೆ' ಮತ್ತು 'ರಾಜೀನಾಮೆ' ಎಂಬ ಎರಡು ಪದಗಳನ್ನು ನಾವು ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ಬಳಸುತ್ತೇವೆ. ರಜೆ ಎಂದರೆ ಮರಳಿ ಬರುವ ಮಾತು, ರಾಜೀನಾಮೆ ಎಂದರೆ ಮರಳದಿರುವ ಮಾತು. ಆದರೆ ಇವೆರಡೂ ಒಂದೇ ಅರಬ್ಬಿ ಧಾತುವಿನಿಂದ ಹುಟ್ಟಿ, ಪಾರ್ಸಿಯ ಮೂಲಕ ದಖ್ಖಣದ ಕಚೇರಿ ಭಾಷೆಗಳಿಗೆ ಬಂದ ಪದಗಳು. ಆ ಧಾತುವಿಗೆ ಸಮ್ಮತಿ, ಒಪ್ಪಿಗೆ ಎಂಬ ಅರ್ಥವಿದೆ. ರಜೆಯೆಂದರೆ ಒಡೆಯನು ಕೊಡುವ ಒಪ್ಪಿಗೆ. ರಾಜೀನಾಮೆಯೆಂದರೆ ಒಪ್ಪಿಗೆಯ ಪತ್ರ. ನ್ಯಾಯ ಬಗೆಹರಿದು ಇಬ್ಬರೂ ರಾಜಿಯಾದಾಗ ಬರೆದುಕೊಡುತ್ತಿದ್ದ ಕಾಗದಕ್ಕೂ ರಾಜೀನಾಮೆಯೆಂದೇ ಹೆಸರಿತ್ತು. ಹೀಗಾಗಿ ಕೆಲಸಕ್ಕೆ ಸೂಟಿ ಪಡೆಯುವುದೂ ಕೆಲಸವನ್ನೇ ಬಿಡುವುದೂ ಎರಡೂ ಇನ್ನೊಬ್ಬರ ಸಮ್ಮತಿಗೆ ಕಟ್ಟುಬಿದ್ದ ಕ್ರಿಯೆಗಳೆಂಬ ತಿಳಿವಳಿಕೆ ಈ ಪದಗಳ ಹೊಟ್ಟೆಯಲ್ಲಿಯೇ ಇದೆ. ನಮ್ಮ ಭಾಗದ ಆಡುಮಾತಿನ 'ಸೂಟಿ' ಮಾತ್ರ ಬೇರೆ ದಾರಿಯದು. ಅದು ಮರಾಠಿಯಲ್ಲಿ ಬಿಡುಗಡೆಯಾಗು, ಕಳಚಿಕೊಳ್ಳು ಎಂಬ ಅರ್ಥದ ಕ್ರಿಯಾಪದಕ್ಕೆ ಸೇರಿದ್ದು. ಅದರಲ್ಲಿ ಯಾರ ಒಪ್ಪಿಗೆಯ ಸುಳಿವೂ ಇಲ್ಲ.

ರಜೆಯ ಮೇಲೆ ಇರುವವನು ಕೆಲಸ ಬಿಡಬಹುದೇ, ಬಿಟ್ಟರೆ ಅವನ ಲೆಕ್ಕ ಹೇಗೆ ಮುಗಿಯಬೇಕು ಎಂಬುದು ಇಂದು ಕಚೇರಿ, ಕಾಲೇಜುಗಳ ಪ್ರಶ್ನೆಯಾಗಿ ತೋರುತ್ತದೆ. ವಾಸ್ತವವಾಗಿ ಅದು ಹೊಲ, ಕಣ ಮತ್ತು ದನದ ಕೊಟ್ಟಿಗೆಗಳಲ್ಲಿ ಬಹಳ ಹಿಂದೆಯೇ ಎದ್ದ ಪ್ರಶ್ನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಆ ಪ್ರಶ್ನೆಯ ಜಾಡನ್ನು ಹಿಡಿಯುವುದು ಪ್ರಸ್ತುತ ಲೇಖನದ ಉದ್ದೇಶ. ಇತ್ತೀಚೆಗೆ ಈ ತಾಲೂಕುಗಳಿಂದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ಕೊಲ್ಹಾರ, ನಿಡಗುಂದಿ ಎಂಬ ಹೊಸ ತಾಲೂಕುಗಳು ಒಡೆದಿವೆ. ಇಲ್ಲಿ ಹಳೆಯ ಎಲ್ಲೆಗಳನ್ನೇ ಇಟ್ಟುಕೊಳ್ಳಲಾಗಿದೆ.

ಈ ಸೀಮೆಯ ಹಳ್ಳಿಗರಿಗೆ ರಾಜೀನಾಮೆ ಎಂಬ ಪದ ಮೊದಲು ಪರಿಚಯವಾದದ್ದು ನೌಕರಿಯ ಸಂಬಂಧದಲ್ಲಲ್ಲ, ಹೊಲದ ಸಂಬಂಧದಲ್ಲಿ. 1864ರಲ್ಲಿ ಕಲಾದಗಿ ಜಿಲ್ಲೆ ರಚನೆಯಾಯಿತು. 1885ರಲ್ಲಿ ಅದರ ಮುಖ್ಯ ಸ್ಥಳ ವಿಜಾಪುರಕ್ಕೆ ಬಂದಿತು. ಮುಂಬಯಿ ಪ್ರಾಂತದ ಸರ್ವೇ ಪದ್ಧತಿಯಲ್ಲಿ ಪ್ರತಿ ಹೊಲಕ್ಕೂ ಒಂದು ನಂಬರು, ಒಂದು ಆಕಾರ. ಹೊಲ ಹಿಡಿಯುವವನು ಬರೆದುಕೊಡುತ್ತಿದ್ದದ್ದು ಕಬೂಲಾಯತಿ, ಬಿಡುವವನು ಬರೆದುಕೊಡುತ್ತಿದ್ದದ್ದು ರಾಜೀನಾಮೆ. 1879ರ ಮುಂಬಯಿ ಭೂಕಂದಾಯ ಸಂಹಿತೆಯ 74ನೆಯ ಕಲಮು ಹೊಲ ಬಿಡುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿತ್ತು. ಆದರೆ ಅದಕ್ಕೊಂದು ಗಡುವಿತ್ತು. ಮಾಮಲೇದಾರನಿಗೆ ಮಾರ್ಚ್ 31ರೊಳಗೆ, ಇಲ್ಲವೆ ಸರಕಾರ ಗೊತ್ತುಪಡಿಸಿದ ಬೇರೆ ದಿನದೊಳಗೆ, ಬರಹದ ಮೂಲಕ ತಿಳಿಸಬೇಕು; ತಿಳಿಸಿದರೂ ರಾಜೀನಾಮೆ ಜಾರಿಗೆ ಬರುವುದು ಆ ವರ್ಷ ಮುಗಿದ ಮೇಲೆಯೇ. ಇಂದು ಬಿಡುತ್ತೇನೆಂದವನು ಇಂದೇ ಬಿಟ್ಟವನಾಗುವುದಿಲ್ಲ. ಬಿಡುವ ಮಾತಿಗೂ ಬಿಡುಗಡೆಗೂ ನಡುವೆ ಉಳಿಯುವ ಈ ತೆರಪನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೆ ಮತ್ತೆ ಎದುರಾಗುತ್ತದೆ.

1876-78ರ ಬರಗಾಲ ಈ ಕಾಗದದ ವ್ಯವಸ್ಥೆಯನ್ನು ಅಣಕಿಸಿತು. 1872 ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗಿತ್ತು. ಸತ್ತವರು ಎಷ್ಟೋ, ದೇಶಾಂತರ ಹೋದವರು ಎಷ್ಟೋ. ದನಕರುಗಳೊಡನೆ ಗುಳೆ ಎದ್ದವನು ಮಾಮಲೇದಾರನಿಗೆ ಅರ್ಜಿ ಕೊಟ್ಟು ಹೋಗುವ ಸ್ಥಿತಿಯಲ್ಲಿರಲಿಲ್ಲ. ಅವನ ಮನಸ್ಸಿನಲ್ಲಿ ಅದು ರಾಜೀನಾಮೆಯೂ ಆಗಿರಲಿಲ್ಲ. ಮಳೆಯಾದರೆ ಮರಳುತ್ತೇನೆಂದೇ ಹೊರಟವನು ಅವನು. ಹಳೆಯ ಮಿರಾಸಿ ಪದ್ಧತಿ ಈ ಮನಸ್ಸನ್ನು ಅರ್ಥ ಮಾಡಿಕೊಂಡಿತ್ತು. ಮಿರಾಸಿದಾರ ಊರು ಬಿಟ್ಟು ಎಷ್ಟೋ ವರ್ಷ ಕಳೆದು ಬಂದರೂ ಹೊಲದ ಹಕ್ಕನ್ನು ಕೇಳಬಹುದಾಗಿತ್ತು. ಅವನ ಗೈರುಹಾಜರಿ ರಜೆಯೇ ಹೊರತು ಬಿಡುಗಡೆಯಲ್ಲ. ಹೊಸ ಸಂಹಿತೆಯಲ್ಲಿ ಆಕಾರ ಕಟ್ಟದ ಹೊಲ ಜಪ್ತಾಗುತ್ತಿತ್ತು.

ಊರ ಆಯಗಾರರ ಸಂಗತಿ ಬೇರೆ. ಬಡಿಗೇರ, ಕಂಬಾರ, ಕುಂಬಾರ, ಅಗಸ, ಹಡಪದ, ತಳವಾರ ಇವರೆಲ್ಲ ವರ್ಷಪೂರ್ತಿ ಊರಿಗೆ ದುಡಿದು ರಾಶಿಯ ಕಾಲಕ್ಕೆ ಕಣಕ್ಕೆ ಬಂದು ಆಯ ಪಡೆಯುವವರು. ಇವರಿಗೆ ಕೆಲಸ ಹುಟ್ಟಿನಿಂದ ಬಂದದ್ದು; ಬಿಡುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಜಾತ್ರೆಗೋ ಬೀಗರ ಊರಿಗೋ ಹೋಗಬೇಕಾದರೆ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ತನ್ನ ಜಾಗದಲ್ಲಿ ನಿಲ್ಲಿಸಿ ಹೋಗಬೇಕು. ಗೌಡಿಕೆ, ಕುಲಕರ್ಣಿಕೆಗಳಂಥ ವತನಗಳಿಗೆ 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಇದೇ ತತ್ವವನ್ನು ಕಚೇರಿಯ ಭಾಷೆಯಲ್ಲಿ ಬರೆಯಿತು. ವತನದಾರನ ಪರವಾಗಿ ಬದಲಿ ವ್ಯಕ್ತಿ ಕೆಲಸ ಮಾಡಬಹುದಿತ್ತು, ವತನ ಮಾತ್ರ ಮನೆತನದಲ್ಲಿಯೇ ಉಳಿಯುತ್ತಿತ್ತು. ಇಂಥ ಗ್ರಾಮ ಹುದ್ದೆಗಳಿಗೆ ಕೊನೆ ಹಾಡಿದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ. ಅದು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಿತು. ಗೌಡರಿಗೆ ಅದು ಹಕ್ಕಿನ ನಷ್ಟವಾಗಿ ಕಂಡರೆ ಕೆಳಗಿನ ಓಣಿಯ ಚಾಕರಿಯವರಿಗೆ ಅದೊಂದು ರಾಜೀನಾಮೆಯಾಗಿತ್ತು. ತಾವು ಕೊಡಲಾಗದಿದ್ದ ರಾಜೀನಾಮೆಯನ್ನು ಅವರ ಪರವಾಗಿ ಸರಕಾರವೇ ಕೊಟ್ಟಿತೆಂದು ಹೇಳಬಹುದು.

ಇನ್ನು ಈ ಲೇಖನದ ಮುಖ್ಯ ವಸ್ತುವಾದ ವರ್ಷದಾಳಿನ ಕಡೆಗೆ ಬರಬಹುದು. ಕರಿನೆಲದ, ಹಿಂಗಾರಿ ಜೋಳದ ಈ ಸೀಮೆಯಲ್ಲಿ ದೊಡ್ಡ ಒಕ್ಕಲುತನದ ಮನೆಗಳು ಆಳನ್ನು ಯುಗಾದಿಯಿಂದ ಯುಗಾದಿಗೆ ಹಿಡಿಯುತ್ತಿದ್ದವು. ಕೂಲಿ ದಿನದ ಲೆಕ್ಕ, ಸಂಬಳ ವರ್ಷದ ಲೆಕ್ಕ. ವರ್ಷಕ್ಕೆ ಇಷ್ಟು ಚೀಲ ಜೋಳ, ಇಷ್ಟು ರೊಕ್ಕ, ಮೇಲೆ ಒಂದು ಕಂಬಳಿ, ಒಂದು ಜೋಡು ಕಾಲ್ಮರಿ, ಒಂದು ದೋತರ ಎಂದು ಮಾತು ಕಟ್ಟುತ್ತಿದ್ದರು. ಕಾಗದ ಇರುತ್ತಿದ್ದುದು ಅಪರೂಪ; ಹಿರಿಯನೊಬ್ಬನ ಜಾಮೀನೇ ಕಾಗದ. ಮಗಳ ಮದುವೆಗೋ ಹಳೆಯ ಸಾಲಕ್ಕೋ ಮುಂಗಡ ತೆಗೆದುಕೊಂಡಿದ್ದರೆ ಸಂಬಳ ಅದಕ್ಕೇ ವಜಾ. ಮುಂಗಡ ತೀರದಿದ್ದರೆ ಮುಂದಿನ ಯುಗಾದಿಗೂ ಅದೇ ಕೊಟ್ಟಿಗೆ. ಯುಗಾದಿ ಪಾಡ್ಯದ ದಿನ ಬೇವು ಬೆಲ್ಲ ತಿಂದು ಆಳು ಹೊಸ ಮನೆಗೆ ಹೋಗುತ್ತಾನೋ ಹಳೆಯ ಮನೆಯಲ್ಲಿಯೇ ಉಳಿಯುತ್ತಾನೋ ಎಂಬುದು ಅವನ ಇಷ್ಟಕ್ಕಿಂತ ಅವನ ಬಾಕಿಯನ್ನು ಹೇಳುತ್ತಿತ್ತು.

ವರ್ಷದಾಳಿಗೆ ಸೂಟಿ ಇತ್ತೇ? ಇಲ್ಲಿ ಎತ್ತನ್ನು ಮೊದಲು ನೋಡಬೇಕು. ಬಸವಣ್ಣನವರು ಹುಟ್ಟಿದ ನೆಲವಾದ ಈ ಭಾಗದಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದಿರುವ ಸಂಪ್ರದಾಯ ಲಿಂಗಾಯತ ಒಕ್ಕಲಿಗರಲ್ಲಿ ವ್ಯಾಪಕವಾಗಿತ್ತು; ಈಗಲೂ ಅದನ್ನು ಪಾಲಿಸುವ ಮನೆಗಳಿವೆ. ಎತ್ತು ಬಸವ, ಬಸವನಿಗೆ ವಾರದ ವಿಶ್ರಾಂತಿ. ಕಾರಹುಣ್ಣಿಮೆಗೆ ಅದಕ್ಕೆ ಸಿಂಗಾರ. ಆದರೆ ಎತ್ತು ಬಿಟ್ಟ ದಿನ ಆಳಿನ ಕೆಲಸ ಬಿಡುವುದಿಲ್ಲ. ಮೈ ತೊಳೆಯುವುದು, ಮೇವು ತರುವುದು, ಹಗ್ಗ ಹೊಸೆಯುವುದು, ಗೊಬ್ಬರ ಬಳಿಯುವುದು ಎಲ್ಲವೂ ಸೋಮವಾರದ ಪಾಲಿಗೇ ಬರುತ್ತಿದ್ದವು. ಎತ್ತಿಗೆ ದೊರೆತ ಸೂಟಿ ಎತ್ತಿನ ಹಿಂದೆ ನಡೆಯುವವನಿಗೆ ದೊರೆಯಲಿಲ್ಲವೆಂಬುದು ನಮ್ಮ ಜಾನಪದ ಅಧ್ಯಯನಗಳು ಅಷ್ಟಾಗಿ ಗಮನಿಸದ ಸಂಗತಿ. ಕಾರಹುಣ್ಣಿಮೆಯ ಎತ್ತಿನ ಮೆರವಣಿಗೆಯನ್ನು ನಾವು ವರ್ಣಿಸಿದಷ್ಟು ಹಗ್ಗ ಹಿಡಿದವನನ್ನು ವರ್ಣಿಸಿಲ್ಲ. ಈ ಮಾತು ನನ್ನ ಹಳೆಯ ಬರಹಗಳಿಗೂ ಅನ್ವಯಿಸುತ್ತದೆ.

ಆಳಿನ ಸೂಟಿ ಹಬ್ಬಗಳಿಗೆ ಸೇರಿದ್ದು. ಪಂಚಮಿ, ದೀಪಾವಳಿ, ಎಳ್ಳಮಾವಾಸ್ಯೆ, ಸಂಕ್ರಮಣ, ಊರ ಜಾತ್ರೆ. ಪರವೂರಿನ ಆಳಾದರೆ ಎರಡು ಮೂರು ದಿನ ಊರಿಗೆ ಹೋಗಿ ಬರಬಹುದು. ಎಷ್ಟು ದಿನ ಎಂಬುದನ್ನು ಹೊರಡುವಾಗಲೇ ಒಡೆಯ ಹೇಳುತ್ತಾನೆ. ನಮ್ಮ ಬೀಸುವ ಹಾಡುಗಳಲ್ಲಿ ಪಂಚಮಿಗೆ ಕರೆಯಲು ಬಂದ ಅಣ್ಣನನ್ನು ಕಂಡ ಸೊಸೆಯ ಸ್ಥಿತಿಯೂ ಇದೇ. ಅತ್ತೆಯನ್ನು ಕೇಳಬೇಕು, ಮಾವನನ್ನು ಕೇಳಬೇಕು, ದಿನದ ಲೆಕ್ಕ ಒಪ್ಪಿಕೊಳ್ಳಬೇಕು, ತಡವಾದರೆ ಮಾತು ಕೇಳಬೇಕು. ಸೊಸೆಯ ತವರಿನ ದಿನಗಳು ಮತ್ತು ಆಳಿನ ಹಬ್ಬದ ದಿನಗಳು ಒಂದೇ ಬಗೆಯ ರಜೆ. ಇಬ್ಬರಿಗೂ ರಜೆ ಇದೆ, ರಾಜೀನಾಮೆ ಇಲ್ಲ. ವ್ಯತ್ಯಾಸವೆಂದರೆ ಆಳಿಗೆ ವರ್ಷಕ್ಕೊಮ್ಮೆಯಾದರೂ ಯುಗಾದಿ ಬರುತ್ತದೆ.

ಹಬ್ಬಕ್ಕೆ ಹೋದವನು ಬಾರದಿದ್ದರೆ? ವ್ಯಾಜ್ಯ ಹುಟ್ಟುತ್ತಿದ್ದುದೇ ಇಲ್ಲಿ. ಆಳಿನ ವಾದ: ಯುಗಾದಿಯಿಂದ ಸಂಕ್ರಮಣದವರೆಗೆ ದುಡಿದಿದ್ದೇನೆ, ಅಷ್ಟು ತಿಂಗಳ ಜೋಳ ನನ್ನದು. ಒಡೆಯನ ವಾದ: ಬೇಸಿಗೆಯ ಬಿಡುವಿನ ತಿಂಗಳುಗಳಲ್ಲಿ ಕೂಡಿಸಿ ಉಣಿಸಿದ್ದೇನೆ, ಸುಗ್ಗಿ ಬರುವ ಹೊತ್ತಿಗೆ ಕೈಬಿಟ್ಟಿದ್ದಾನೆ, ವರ್ಷದ ಮಾತು ಮುರಿದವನಿಗೆ ತಿಂಗಳ ಲೆಕ್ಕವಿಲ್ಲ. ಹಿಂಗಾರಿ ಬೇಸಾಯದಲ್ಲಿ ಎಲ್ಲ ತಿಂಗಳುಗಳೂ ಸಮವಲ್ಲದ ಕಾರಣ ಎರಡೂ ವಾದಗಳಲ್ಲಿ ಹುರುಳಿತ್ತು. ಪಂಚರು ಕೂಡಿ ಬಗೆಹರಿಸುವಾಗ ಕಾರಣವನ್ನು ಕೇಳುತ್ತಿದ್ದರು. ಜಡ್ಡು, ಸಾವು, ಸೂತಕಗಳಿಗೆ ಒಂದು ತೂಕ. ಹೆಚ್ಚಿನ ಸಂಬಳಕ್ಕೆ ಬೇರೆ ಮನೆ ಸೇರಿದ್ದಕ್ಕೆ ಇನ್ನೊಂದು ತೂಕ. ಬದಲಿಗೆ ತಮ್ಮನನ್ನೋ ಮಗನನ್ನೋ ಕಳಿಸಿದರೆ ಮಾತು ಮುಗಿಯುತ್ತಿತ್ತು. ಈ ಬದಲಿಯ ಪದ್ಧತಿಯನ್ನು ಔದಾರ್ಯವೆಂದು ಬಣ್ಣಿಸುವುದು ರೂಢಿ. ಶಾಲೆ ಬಿಟ್ಟು ಅಪ್ಪನ ಬಾಕಿಗೆ ದನ ಕಾಯಲು ಹೋದ ಹುಡುಗರನ್ನು ಕಂಡವರು ಹಾಗೆ ಹೇಳಲಾರರು.

ಪಂಚಾಯಿತಿಯ ಆಚೆ ಕಾಯಿದೆಯೂ ಇತ್ತು. 1859ರ 13ನೆಯ ಕಾಯಿದೆ ಮುಂಗಡ ಪಡೆದು ಕೆಲಸಕ್ಕೆ ಬಾರದ ಕೆಲಸಗಾರನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಅಧಿಕಾರ ಕೊಟ್ಟಿತ್ತು. ಹಣ ಮರಳಿಸು, ಇಲ್ಲವೆ ಕೆಲಸ ಮಾಡು ಎಂಬ ಹುಕುಮು. ಮೀರಿದರೆ ಮೂರು ತಿಂಗಳವರೆಗೆ ಸೆರೆವಾಸ. ಅದು ಮೊದಲು ಹುಟ್ಟಿದ್ದು ಕಲಕತ್ತೆ, ಮದರಾಸು, ಮುಂಬಯಿ ಪಟ್ಟಣಗಳಿಗಾಗಿ. ಬೇರೆ ಪ್ರದೇಶಗಳಿಗೆ ಅದನ್ನು ವಿಸ್ತರಿಸಲು ಅವಕಾಶವಿತ್ತು. ಕೆಲಸ ಬಿಡುವುದು ಅಪರಾಧವೆಂಬ ಈ ನಿಲುವು 1925ರಲ್ಲಿ ಆ ಕಾಯಿದೆಯನ್ನು ರದ್ದುಪಡಿಸುವ ಶಾಸನ ಬರುವವರೆಗೆ ಪುಸ್ತಕದಲ್ಲಿತ್ತು.

ಇಲ್ಲಿ ಸ್ವಲ್ಪ ದೂರ ಹೋಗಿ ಬರಬೇಕಾಗಿದೆ. ಇಂದು ವಿಶ್ವವಿದ್ಯಾಲಯಗಳಲ್ಲಿ ಕೇಳಿಬರುವ 'ಸಬ್ಯಾಟಿಕಲ್' ರಜೆಯ ಹೆಸರು ಯೆಹೂದಿಗಳ ಸಬ್ಬತ್ ದಿನದಿಂದ ಬಂದದ್ದು. ಹಳೆಯ ಒಡಂಬಡಿಕೆಯ ನಿಯಮಗಳಲ್ಲಿ ಏಳನೆಯ ದಿನ ಮನುಷ್ಯನಿಗೂ ಎತ್ತಿಗೂ ವಿಶ್ರಾಂತಿ; ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕು; ಆರು ವರ್ಷ ದುಡಿದ ಇಬ್ರಿಯ ಆಳು ಏಳನೆಯ ವರ್ಷ ಏನನ್ನೂ ಕೊಡದೆ ಬಿಡುಗಡೆ ಹೊಂದಬೇಕು. ನಮ್ಮ ಸೋಮವಾರಕ್ಕೂ ಆ ಸಬ್ಬತ್ತಿಗೂ ಚಾರಿತ್ರಿಕ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಎತ್ತಿನ ವಿಶ್ರಾಂತಿ, ಹೊಲದ ವಿಶ್ರಾಂತಿ, ಆಳಿನ ಬಿಡುಗಡೆ ಈ ಮೂರನ್ನೂ ಅಲ್ಲಿ ಒಂದೇ ನಿಯಮ ಕಟ್ಟಿಹಾಕಿತ್ತು, ಇಲ್ಲಿ ಮೊದಲನೆಯದು ಮಾತ್ರ ಸಂಪ್ರದಾಯವಾಯಿತು ಎಂಬುದಷ್ಟೇ ಗಮನಾರ್ಹ. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯ 1880ರಲ್ಲಿ ಅಧ್ಯಾಪಕರಿಗೆ ಏಳು ವರ್ಷಕ್ಕೊಮ್ಮೆ ರಜೆ ಕೊಡುವ ಪದ್ಧತಿ ತಂದಾಗ ಹೊಲದ ಆ ಹಳೆಯ ಪದ ವಿದ್ಯೆಗೆ ಅಂಟಿಕೊಂಡಿತು.

ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯ ಪ್ರಕಾರ ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ ಹುದ್ದೆಯಲ್ಲಿ ಏಳು ವರ್ಷ ಸೇವೆ ಮುಗಿಸಿದವರಿಗೆ ಈ ರಜೆ ದೊರೆಯಬಹುದು. ಒಮ್ಮೆಗೆ ಒಂದು ವರ್ಷ, ಇಡೀ ಸೇವೆಯಲ್ಲಿ ಎರಡು ವರ್ಷ ಅದರ ಮಿತಿ. ಇದಕ್ಕಿಂತ ಹೆಚ್ಚು ಜನ ಬಳಸುವುದು ಅಧ್ಯಯನ ರಜೆಯನ್ನು. ಅದಕ್ಕೆ ಬಾಂಡ್ ಇದೆ. ಮರಳಿ ಬಂದು ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸುತ್ತೇನೆಂದು ಬರೆದುಕೊಡಬೇಕು. ಆಸ್ತಿಯ ಭದ್ರತೆ, ಬ್ಯಾಂಕಿನ ಖಾತರಿ ಇತ್ಯಾದಿ ಇಲ್ಲದವರು ಇಬ್ಬರು ಕಾಯಂ ಅಧ್ಯಾಪಕರ ಜಾಮೀನು ಒದಗಿಸಬಹುದು. ಕೇಂದ್ರ ಸರಕಾರಿ ನೌಕರರಿಗಾದರೆ 1972ರ ರಜಾ ನಿಯಮಗಳ 63ನೆಯ ನಿಯಮ. ಅಧ್ಯಯನ ರಜೆಯ ನಂತರ ಸೇವೆಗೆ ಮರಳದೆ, ಅಥವಾ ಮರಳಿ ನಿಗದಿತ ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟವರು ರಜೆಯ ವೇತನ, ಭತ್ಯೆ, ಸರಕಾರ ಭರಿಸಿದ ವೆಚ್ಚಗಳನ್ನು ಬಡ್ಡಿ ಸಮೇತ ಮರಳಿಸಬೇಕು. ರಜೆಯಿಂದ ಮರಳಿದ ಮೇಲೆ ಅನಾರೋಗ್ಯದ ಕಾರಣದಿಂದ ನಿವೃತ್ತರಾದವರಿಗೆ ವಿನಾಯಿತಿ ಇದೆ. ಜಡ್ಡಿಗೆ ಒಂದು ತೂಕ, ಹೆಚ್ಚಿನ ಸಂಬಳಕ್ಕೆ ಇನ್ನೊಂದು ತೂಕ! ಡಾಕ್ಟರೇಟ್ ಅಧ್ಯಯನಕ್ಕೆ ರಜೆ ಪಡೆಯುವಾಗ ನಾನೂ ಇಬ್ಬರು ಸಹೋದ್ಯೋಗಿಗಳ ಸಹಿ ಹಾಕಿಸಿ ಇಂಥ ಬಾಂಡ್ ಬರೆದುಕೊಟ್ಟವನು. ವರ್ಷದಾಳಿನ ಜಾಮೀನುದಾರರ ಬಗ್ಗೆ ಟಿಪ್ಪಣಿ ಮಾಡಿಕೊಳ್ಳಲು ಅದೇ ರಜೆಯಲ್ಲಿ ಹಳ್ಳಿಗಳಿಗೆ ಹೋಗುತ್ತಿದ್ದೆ. ಹೋಲಿಕೆ ಆಗ ಹೊಳೆಯಲಿಲ್ಲ.

ರಜೆಯಲ್ಲಿರುವಾಗಲೇ ಕೊಟ್ಟ ರಾಜೀನಾಮೆಯ ಗತಿ ಏನೆಂಬುದಕ್ಕೆ ದೇಶದ ನ್ಯಾಯಚರಿತ್ರೆಯಲ್ಲಿ ಒಂದು ಪ್ರಸಿದ್ಧ ಪ್ರಸಂಗವಿದೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶಚಂದ್ರ ಅವರು 1977ರ ಮೇ 7ರಂದು ರಾಷ್ಟ್ರಪತಿಗಳಿಗೆ ಪತ್ರ ಬರೆದು, ಜುಲೈ 31ರವರೆಗೆ ತಾವು ರಜೆಯಲ್ಲಿರುವುದಾಗಿಯೂ ಆಗಸ್ಟ್ 1ರಿಂದ ತಮ್ಮ ರಾಜೀನಾಮೆ ಜಾರಿಗೆ ಬರುವುದಾಗಿಯೂ ತಿಳಿಸಿದರು. ಜುಲೈ 15ರಂದು ಮತ್ತೊಂದು ಪತ್ರ ಬರೆದು ರಾಜೀನಾಮೆಯನ್ನು ಹಿಂತೆಗೆದುಕೊಂಡರು. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮುಂದಿನ ದಿನಾಂಕ ಗೊತ್ತುಮಾಡಿ ಕೊಟ್ಟ ರಾಜೀನಾಮೆ ಆ ದಿನ ಬರುವವರೆಗೆ ಪೂರ್ಣವಾಗುವುದಿಲ್ಲ, ಅಲ್ಲಿಯವರೆಗೆ ಕೊಟ್ಟವನು ಅದನ್ನು ಹಿಂತೆಗೆದುಕೊಳ್ಳಬಹುದು ಎಂದು 1978ರಲ್ಲಿ ಬಹುಮತದ ತೀರ್ಪು ಬಂದಿತು. ಮಾರ್ಚ್ 31ರೊಳಗೆ ಅರ್ಜಿ ಕೊಟ್ಟು ವರ್ಷದ ಕೊನೆಯವರೆಗೆ ತನ್ನದೇ ಹೊಲದಲ್ಲಿ ಉಳಿಯುತ್ತಿದ್ದ ಇಂಡಿಯ ರೈತನೂ, ಸಂಕ್ರಮಣಕ್ಕೆ ಬಿಡುತ್ತೇನೆಂದು ಯುಗಾದಿಯವರೆಗೆ ದುಡಿಯುತ್ತಿದ್ದ ಸಿಂದಗಿಯ ಆಳೂ ಇದೇ ತೆರಪಿನಲ್ಲಿ ಬದುಕಿದವರು. ನ್ಯಾಯಮೂರ್ತಿಗಳಿಗೆ ಆ ತೆರಪು ಮನಸ್ಸು ಬದಲಿಸುವ ಹಕ್ಕನ್ನು ಕೊಟ್ಟಿತು. ಆಳಿಗೆ ಅದು ಒಡೆಯನ ಮಾತು ಕೇಳುವ ದಿನಗಳಾಗಿತ್ತು.

ಆದರೂ ಬಾಂಡ್ ಬರೆದ ಅಧ್ಯಾಪಕನನ್ನು ಮುಂಗಡ ಪಡೆದ ಆಳಿನೊಡನೆ ಪೂರ್ತಿಯಾಗಿ ಸಮೀಕರಿಸುವುದು ತಪ್ಪಾಗುತ್ತದೆ. 1859ರ ಕಾಯಿದೆಯ ಕೆಳಗೆ ಹಣವನ್ನೂ ಕೇಳಬಹುದಿತ್ತು, ಆಳನ್ನೂ ಹಿಡಿಯಬಹುದಿತ್ತು. ಇಂದಿನ ಬಾಂಡಿನಲ್ಲಿ ಹಣವನ್ನು ಮಾತ್ರ ಕೇಳಬಹುದು. ಬಂದು ಪಾಠ ಮಾಡೆಂದು ಯಾವ ನ್ಯಾಯಾಲಯವೂ ಅಧ್ಯಾಪಕನನ್ನು ಎಳೆತರುವುದಿಲ್ಲ. 1975ರ ಅಕ್ಟೋಬರ್ 25ರಿಂದ ಜಾರಿಗೆ ಬಂದ, 1976ರಲ್ಲಿ ಶಾಸನವಾದ ಜೀತಪದ್ಧತಿ ರದ್ದತಿ ಕಾಯಿದೆ ಮೂರನೆಯ ನೆಲೆಯನ್ನು ತೋರಿಸಿತು. ಜೀತದ ಸಾಲವಾದರೆ ಆಳನ್ನೂ ಹಿಡಿಯುವಂತಿಲ್ಲ, ಹಣವನ್ನೂ ಕೇಳುವಂತಿಲ್ಲ. ಅದರ 6ನೆಯ ಕಲಮಿನಂತೆ ಆ ಸಾಲವೇ ಅಳಿದುಹೋಗುತ್ತದೆ. ಸಾಲದ ಕಾರಣದಿಂದ ಬೇರೆ ಕಡೆ ಕೆಲಸ ಹುಡುಕುವ ಸ್ವಾತಂತ್ರ್ಯ ಕಳೆದುಕೊಂಡಿರುವುದನ್ನೂ ಆ ಕಾಯಿದೆ ಜೀತವೆಂದೇ ಗುರುತಿಸುತ್ತದೆ. ಯುಗಾದಿಯ ಮಾತು ಮುಂಗಡದೊಡನೆ ಕೂಡಿದಲ್ಲೆಲ್ಲ ಈ ವ್ಯಾಖ್ಯೆಯ ಒಳಗೆ ಬರುವ ಸಾಧ್ಯತೆಯಿತ್ತು. ಹಳ್ಳಿಯಲ್ಲಿ ಅದನ್ನು ಜೀತವೆಂದು ಕರೆಯಲು ಆಳೇ ಹಿಂಜರಿಯುತ್ತಿದ್ದ. 'ಸಂಬಳಕ್ಕಿದ್ದೀನ್ರಿ' ಎನ್ನುವುದರಲ್ಲಿ ಅವನ ಮಾನವಿತ್ತು.

ಕೊಟ್ಟಿಗೆಗಳು ಬರಿದಾಗಿ ಟ್ರ್ಯಾಕ್ಟರುಗಳು ಬಂದ ಮೇಲೆ ವರ್ಷದಾಳು ಕಡಿಮೆಯಾಗಿದ್ದಾನೆ. ಮುಂಗಡ ಕಡಿಮೆಯಾಗಿಲ್ಲ. ಈ ತಾಲೂಕುಗಳ ಹಳ್ಳಿ ಮತ್ತು ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವವರು ಮುಕಾದಮನಿಂದ ಹಂಗಾಮಿಗೆ ಮೊದಲೇ ರೊಕ್ಕ ಎತ್ತುತ್ತಾರೆ. ಯುಗಾದಿಯ ಬದಲು ಕಾರಖಾನೆಯ ಹಂಗಾಮು ಈಗ ವರ್ಷವಾಗಿದೆ. ಗಂಡ ಹೆಂಡತಿ ಸೇರಿ ಒಂದು 'ಕೋಯತಾ' ಎಂಬ ಲೆಕ್ಕ; ಹೆಂಡತಿ ಒಬ್ಬಳೇ ಸೂಟಿ ತೆಗೆದುಕೊಂಡರೂ ಕೋಯತಾ ಮುರಿಯುತ್ತದೆ. ಬಸುರಿ, ಬಾಣಂತಿಯರ ರಜೆಗೆ ಕಚೇರಿಯಲ್ಲಿ ನಿಯಮಗಳಿವೆ. ಕಬ್ಬಿನ ಗದ್ದೆಯಲ್ಲಿ ಆ ದಿನಗಳು ಮುಂಗಡಕ್ಕೆ ಸೇರುತ್ತವೆ.

2025ರ ಜನವರಿಯಲ್ಲಿ ವಿಜಯಪುರ ನಗರದ ಒಂದು ಇಟ್ಟಿಗೆ ಭಟ್ಟಿಯ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಮುಂಗಡ ಪಡೆದಿದ್ದ ಮೂವರು ಕೂಲಿಕಾರರು ಸಂಕ್ರಮಣಕ್ಕೆ ಊರಿಗೆ ಹೋಗಿದ್ದರು. ಹಬ್ಬ ಮುಗಿಸಿ ತಡವಾಗಿ ಬಂದವರನ್ನು ಕೂಡಿಹಾಕಿ ಅಂಗಾಲಿಗೆ ಹೊಡೆದ ದೃಶ್ಯ ಹೊರಬಿದ್ದು, ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಆ ವರ್ಷದ ಯುಗಾದಿಗೆ ಇನ್ನೂ ಎರಡು ತಿಂಗಳಿತ್ತು.